ಬೇಸ್‌ಬಾಲ್ ರೂಕಿ ಕಾರ್ಡುಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸಿಗರೇಟು, ಮಿಠಾಯಿ, ಚೂಯಿಂಗ್ ಗಮ್ ಮೊದಲಾದ ಅಗ್ಗದ ಸರಕುಗಳ ಪೊಟ್ಟಣಗಳೊಳಗೆ ಇರಿಸಿ ಹಂಚಲಾಗುತ್ತಿದ್ದ, ಒಂದು ಮಗ್ಗುಲಲ್ಲಿ ಬೇಸ್‌ಬಾಲ್ ಆಟಗಾರನ ಚಿತ್ರವನ್ನೂ ಮತ್ತೊಂದು ಮಗ್ಗುಲಲ್ಲಿ ಅವನ ಪರಿಚಯವನ್ನೋ ವ್ಯಾಪಾರದ ಜಾಹೀರಾತನ್ನೋ ಹೊತ್ತಿರುತ್ತಿದ್ದ ಸಣ್ಣ ರಟ್ಟಿನ ಚೀಟಿಗಳಿಗೆ ಬೇಸ್‌ಬಾಲ್ ಕಾರ್ಡುಗಳೆಂದು ಹೆಸರು. ಇವುಗಳ ಪೈಕಿ, ಆಟಗಾರನೊಬ್ಬನು ದೇಶದ ಅತ್ಯುನ್ನತ ಸ್ಪರ್ಧಾಮಂಡಲವಾದ ಮೇಜರ್ ಲೀಗಿಗೆ ಕಾಲಿರಿಸಿದ ಹೊಸತರಲ್ಲಿ, ದೇಶಾದ್ಯಂತ ಮಾರಾಟವಾದ ಪ್ರಮುಖ ಮಾಲೆಯೊಂದರಲ್ಲಿ ಮೊತ್ತಮೊದಲ ಬಾರಿಗೆ ಅವನಿಗಾಗಿ ಅಚ್ಚಾದ ಕಾರ್ಡನ್ನು ರೂಕಿ ಕಾರ್ಡು, ಎಂದರೆ ಹೊಸಬನ ಕಾರ್ಡು, ಎಂದು ಸಂಗ್ರಾಹಕರು ಕರೆಯುತ್ತಾರೆ. ಸಾಮಾನ್ಯವಾಗಿ 1980ಕ್ಕೆ ಹಿಂದಿನವು ಪ್ರಾಚೀನ ಕಾರ್ಡುಗಳೆನಿಸಿಕೊಳ್ಳುತ್ತವೆ.

ರೂಕಿ ಕಾರ್ಡಿನ ವೈಲಕ್ಷಣ್ಯವೇನೆಂದರೆ, ಅದು ಅಚ್ಚಾದ ದಿನ ಅದರಲ್ಲಿ ಯಾವ ವೈಲಕ್ಷಣ್ಯವೂ ಇರುವುದಿಲ್ಲ. ಪ್ರಖ್ಯಾತ ಆಟಗಾರನ ಕಾರ್ಡಿಗಾಗಿ ಹಾತೊರೆಯುವ ಬಾಲಕನು ಹೆಸರರಿಯದ ಹೊಸಬನ ಕಾರ್ಡು ಕೈಗೆ ಬಂದರೆ ನಿರಾಶನಾಗುವುದೇ ಸಹಜ. ಮುಂದೆ ಹತ್ತಿಪ್ಪತ್ತು ವರ್ಷಗಳ ಆಟದಿಂದ ಆ ಹೊಸಬನು ಮಹಾಪುರುಷನೆನಿಸಿಕೊಂಡ ಮೇಲೆ, ಅಷ್ಟರೊಳಗೆ ಆ ಕಾರ್ಡಿನ ಬಹುಪಾಲು ಪ್ರತಿಗಳು ಕಸದ ಪಾಲಾಗಿ ಹೋದ ಮೇಲೆ, ಉಳಿದ ಕೆಲವಕ್ಕೆ ಬೆಲೆ ಬರುತ್ತದೆ. ಆದಕಾರಣ ಈ ಸಂಗ್ರಹದ ಇತಿಹಾಸವು ಮುದ್ರಣದ ಇತಿಹಾಸವಾಗಿರುವಷ್ಟೇ ಅನಾದರದ ಇತಿಹಾಸವೂ ಆಗಿದೆ.

ತಂಬಾಕಿನ ಯುಗ

ಬೇಸ್‌ಬಾಲ್ ಆಟವು ವೃತ್ತಿಪರ ಕ್ರೀಡೆಯಾಗಿ ರೂಪುಗೊಳ್ಳುತ್ತಿದ್ದ 1860ರ ದಶಕದಲ್ಲಿಯೇ ತಂಡಗಳ ಛಾಯಾಚಿತ್ರಗಳನ್ನು ಅಂಟಿಸಿದ ವ್ಯಾಪಾರದ ಕಾರ್ಡುಗಳು ಕಾಣಿಸಿಕೊಂಡವು. ನ್ಯೂಯಾರ್ಕಿನ ಪೆಕ್ ಮತ್ತು ಸ್ನೈಡರ್ ಎಂಬ ಕ್ರೀಡಾಸಾಮಗ್ರಿಯ ಮಳಿಗೆಯವರು ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ತಂಡದ ಚಿತ್ರವುಳ್ಳ ಇಂತಹುದೊಂದು ಕಾರ್ಡನ್ನು ಹೊರತಂದಿದ್ದರು. ಆದರೆ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಚಿತ್ರಿಸಿ ಅಪಾರ ಸಂಖ್ಯೆಯಲ್ಲಿ ಹಂಚುವ ಪದ್ಧತಿಯು ಪ್ರಾರಂಭವಾದುದು 1880ರ ದಶಕದಲ್ಲಿ, ಸಿಗರೇಟು ತಯಾರಕರಿಂದ. ಮೆತ್ತನೆಯ ಕಾಗದದ ಪೊಟ್ಟಣದಲ್ಲಿ ಸಿಗರೇಟುಗಳು ನಲುಗದಂತೆ ಒಂದು ಗಟ್ಟಿ ರಟ್ಟಿನ ತುಂಡನ್ನು ಇರಿಸುವುದು ಅವಶ್ಯವಾಗಿತ್ತು. ಇರಿಸಲೇಬೇಕಾದ ಆ ತುಂಡಿನ ಮೇಲೆ ಚಿತ್ರವೊಂದನ್ನು ಅಚ್ಚುಹಾಕಿದರೆ ಗಿರಾಕಿಯು ಮಾಲೆಯನ್ನು ಪೂರ್ಣಗೊಳಿಸುವ ಆಸೆಯಿಂದ ಅದೇ ಸಿಗರೇಟನ್ನು ಮರಳಿ ಮರಳಿ ಕೊಳ್ಳುವನೆಂಬುದನ್ನು ವರ್ತಕರು ಬಹುಬೇಗ ಕಂಡುಕೊಂಡರು. ವರ್ಜೀನಿಯದ ರಿಚ್‌ಮಂಡ್ ನಗರದ ಅಲೆನ್ ಮತ್ತು ಗಿಂಟರ್ ಕಂಪನಿಯು 1887ರಲ್ಲಿ ಪ್ರಕಟಿಸಿದ ಜಗತ್ತಿನ ಕ್ರೀಡಾವೀರರ 50 ವರ್ಣಚಿತ್ರಗಳ ಮಾಲೆಯಲ್ಲಿ 10 ಮಂದಿ ಬೇಸ್‌ಬಾಲ್ ಆಟಗಾರರಿದ್ದರು. ಗುಡ್ವಿನ್ ಕಂಪನಿಯು ತನ್ನ ಓಲ್ಡ್ ಜಡ್ಜ್ ಸಿಗರೇಟಿನೊಡನೆ 1886ರಿಂದ 1890ರವರೆಗೆ ನೂರಾರು ಆಟಗಾರರ ಛಾಯಾಚಿತ್ರಗಳನ್ನು ಹಂಚಿತು. 1890ರಲ್ಲಿ ಜೇಮ್ಸ್ ಡ್ಯೂಕನು ಪ್ರಮುಖ ಸಿಗರೇಟು ತಯಾರಕರನ್ನೆಲ್ಲ ಅಮೆರಿಕನ್ ಟೊಬ್ಯಾಕೊ ಕಂಪನಿಯೆಂಬ ಒಂದೇ ಛತ್ರದಡಿ ತಂದನು. ಸ್ಪರ್ಧಿಗಳೇ ಇಲ್ಲದ ಮೇಲೆ ಆಮಿಷದ ಅಗತ್ಯವೂ ಉಳಿಯದೆ, ಕಾರ್ಡುಗಳು ಕೆಲಕಾಲ ಬಹುಮಟ್ಟಿಗೆ ಕಣ್ಮರೆಯಾದವು.

ಅವು ಪುನಃ ತಲೆಯೆತ್ತಿದುದು 1909ರಲ್ಲಿ. ಆ ವರ್ಷದಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯು ತನ್ನ ಅನೇಕ ಸಿಗರೇಟುಗಳೊಡನೆ ಹಂಚಿದ, ಬಿಳಿಯ ಅಂಚುಳ್ಳ, ಶಿಲಾಮುದ್ರಣದ ಸುಂದರ ಮಾಲೆಯು ಸಂಗ್ರಾಹಕರ ಪರಿಭಾಷೆಯಲ್ಲಿ ಟಿ206 ಎಂಬ ಸಂಖ್ಯೆಯಿಂದ ಪ್ರಸಿದ್ಧವಾಗಿದೆ. ಐನೂರಕ್ಕೂ ಮಿಕ್ಕ ಕಾರ್ಡುಗಳ ಈ ಮಾಲೆಯಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರನ ಕಾರ್ಡು ಅತಿ ದುರ್ಲಭ. ಅದರ ಅರುವತ್ತರಷ್ಟು ಪ್ರತಿಗಳು ಮಾತ್ರ ಉಳಿದಿವೆಯೆಂದು ಎಣಿಸಲಾಗಿದೆ. ತನ್ನ ಚಿತ್ರವನ್ನು ಬಳಸಲು ವ್ಯಾಗ್ನರನು ಸಮ್ಮತಿಸದಿದ್ದುದರಿಂದ ಅದರ ಮುದ್ರಣವು ನಿಂತುಹೋಯಿತು. ಬಾಲಕರು ತನ್ನ ನಿಮಿತ್ತ ತಂಬಾಕನ್ನು ಕೊಳ್ಳುವುದು ಅವನಿಗೆ ಸಮ್ಮತವಾಗಿರಲಿಲ್ಲವೆಂದು ಕೆಲವರೂ, ತಕ್ಕ ಸಂಭಾವನೆ ದೊರೆಯದುದೇ ಕಾರಣವೆಂದು ಕೆಲವರೂ ಹೇಳುತ್ತಾರೆ.

ಇದೇ ಅವಧಿಯಲ್ಲಿ ಮಿಠಾಯಿ ತಯಾರಕರೂ ಕಾರ್ಡುಗಳನ್ನು ಹೊರತರಲಾರಂಭಿಸಿದರು. ಅಮೆರಿಕನ್ ಕ್ಯಾರಮೆಲ್ ಕಂಪನಿಯ ಮಾಲೆಯಲ್ಲಿ ಪ್ರಕಟವಾದ ಜೋ ಜಾಕ್ಸನನ ಕಾರ್ಡು ಅವನ ರೂಕಿ ಕಾರ್ಡೆಂದು ಗಣ್ಯವಾಗಿದೆ. ಮೇಜರ್ ಲೀಗಿನ ವಾರ್ಷಿಕ ಅಂತಿಮ ಪಂದ್ಯಾವಳಿಯಾದ ವಿಶ್ವ ಸರಣಿಯಲ್ಲಿ, 1919ರಲ್ಲಿ, ಲಂಚ ಪಡೆದು ಸೋತರೆಂಬ ಆರೋಪಕ್ಕೆ ಗುರಿಯಾಗಿ ಆಜೀವ ಬಹಿಷ್ಕೃತರಾದ ಷಿಕಾಗೊ ತಂಡದ ಎಂಟು ಮಂದಿಯಲ್ಲಿ ಇವನೂ ಒಬ್ಬ. ಆ ಅಪಕೀರ್ತಿಯು ಕಾರ್ಡಿನ ಬೆಲೆಯನ್ನು ತಗ್ಗಿಸುವ ಬದಲು ಹೆಚ್ಚಿಸಿತು.

ಗಮ್ ಕಂಪನಿಗಳ ಯುಗ

ಬಾಸ್ಟನ್ನಿನ ಗೌಡಿ ಗಮ್ ಕಂಪನಿಯು 1933ರಲ್ಲಿ 240 ಕಾರ್ಡುಗಳ ವರ್ಣಮಯ ಮಾಲೆಯನ್ನು ಹೊರತಂದು, ಬೇಸ್‌ಬಾಲ್ ಕಾರ್ಡನ್ನು ವಯಸ್ಕರ ಸಿಗರೇಟಿನಿಂದ ಬಾಲಕರ ಚೂಯಿಂಗ್ ಗಮ್ಮಿಗೆ ಸ್ಥಿರವಾಗಿ ವರ್ಗಾಯಿಸಿತು. ಪ್ರಖ್ಯಾತ ಆಟಗಾರ ಬೇಬ್ ರೂತನೊಬ್ಬನಿಗೇ ಇದರಲ್ಲಿ ನಾಲ್ಕು ಕಾರ್ಡುಗಳಿದ್ದವು. 106ನೆಯ ಸಂಖ್ಯೆಯ ಕಾರ್ಡು ಆ ವರ್ಷ ಯಾವ ಪೊಟ್ಟಣದಲ್ಲಿಯೂ ಇರಲಿಲ್ಲ. ಮಾಲೆಯನ್ನು ಪೂರ್ತಿಗೊಳಿಸಲಾರದೆ ಕಂಪನಿಗೆ ಬರೆದು ದೂರಿದವರಿಗೆ ಮಾತ್ರ, ನೆಪೋಲಿಯನ್ ಲ್ಯಾಜವೇಯ ಚಿತ್ರವುಳ್ಳ ಆ ಕಾರ್ಡನ್ನು ಮರುವರ್ಷ ಅಚ್ಚುಹಾಕಿಸಿ ಅಂಚೆಯಲ್ಲಿ ಕಳುಹಿಸಲಾಯಿತು. ಫಿಲಡೆಲ್ಫಿಯದ ಗಮ್ ಇನ್‌ಕಾರ್ಪೊರೇಟೆಡ್ ಸಂಸ್ಥೆಯು 1939ರಲ್ಲಿ ಪ್ರಾರಂಭಿಸಿದ ಪ್ಲೇ ಬಾಲ್ ಮಾಲೆಯಲ್ಲಿ ಟೆಡ್ ವಿಲಿಯಮ್ಸನ ರೂಕಿ ಕಾರ್ಡು ಬೆಳಕು ಕಂಡಿತು. ದ್ವಿತೀಯ ಮಹಾಯುದ್ಧದ ಅಭಾವದ ದಿನಗಳಲ್ಲಿ ಈ ಉದ್ಯಮವು ಸ್ಥಗಿತಗೊಂಡಿತು.

ಯುದ್ಧಾನಂತರ ಅದೇ ಫಿಲಡೆಲ್ಫಿಯದ ಸಂಸ್ಥೆಯು ಬೋಮನ್ ಎಂಬ ಹೆಸರಿನಿಂದ 1948ರಲ್ಲಿ ಕಪ್ಪುಬಿಳುಪಿನ 48 ಕಾರ್ಡುಗಳ ಪುಟ್ಟ ಮಾಲೆಯನ್ನು ಪ್ರಕಟಿಸಿತು. ಸ್ಟ್ಯಾನ್ ಮ್ಯೂಸಿಯಲ್ ಮತ್ತು ಯೋಗಿ ಬೆರ್ರಾ ಇವರ ರೂಕಿ ಕಾರ್ಡುಗಳು ಇದರಲ್ಲಿವೆ. ಅದೇ ಸಂಸ್ಥೆಯ 1951ರ ಮಾಲೆಯು ರೂಕಿ ಕಾರ್ಡುಗಳ ದೃಷ್ಟಿಯಿಂದ ಅದ್ವಿತೀಯವಾದುದು. ಛಾಯಾಚಿತ್ರಗಳನ್ನು ಆಧರಿಸಿ ಬರೆದ ಅದರ 324 ವರ್ಣಚಿತ್ರಗಳಲ್ಲಿ 253ನೆಯದು ಮಿಕಿ ಮ್ಯಾಂಟಲನದು, 305ನೆಯದು ವಿಲೀ ಮೇಸನದು. ಇಪ್ಪತ್ತರ ಹರೆಯದ ಈ ಇಬ್ಬರೂ ನ್ಯೂಯಾರ್ಕಿನ ಎರಡು ತಂಡಗಳಲ್ಲಿ ಆ ವರ್ಷವೇ ಪದಾರ್ಪಣ ಮಾಡಿದ್ದರು.

ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿಯು 1952ರಲ್ಲಿ ಹೊರತಂದ 407 ಕಾರ್ಡುಗಳ ಮಾಲೆಯಿಂದ ಆಧುನಿಕ ಬೇಸ್‌ಬಾಲ್ ಕಾರ್ಡಿನ ಸ್ವರೂಪವು ನಿಶ್ಚಿತವಾಯಿತು. ಸೈ ಬರ್ಗರ್ ಎಂಬಾತನು ವುಡಿ ಗೆಲ್ಮನನ ಸಹಕಾರದಿಂದ ಇದನ್ನು ರೂಪಿಸಿದನು. ದೊಡ್ಡ ಆಕಾರ, ಬಣ್ಣ ತುಂಬಿದ ಛಾಯಾಚಿತ್ರ, ತಂಡದ ಲಾಂಛನ, ಆಟಗಾರನ ಹಸ್ತಾಕ್ಷರದ ಪಡಿಯಚ್ಚು, ಹಿಂಬದಿಯಲ್ಲಿ ಹಿಂದಿನ ವರ್ಷದ ಹಾಗೂ ಒಟ್ಟು ವೃತ್ತಿಜೀವನದ ಅಂಕಿಅಂಶಗಳು ಇವೆಲ್ಲ ಒಂದೆಡೆ ಸೇರಿದುದರಿಂದ ಕಾರ್ಡು ಬಾಲಕರ ಪಾಲಿಗೆ ಆಟದ ಸಾಮಗ್ರಿಯೂ ಆಕರಗ್ರಂಥವೂ ಆಯಿತು. ಮಾಲೆಯ ಕೊನೆಯ ಕಂತು, ಎಂದರೆ 311ರಿಂದ 407ರವರೆಗಿನ ಕಾರ್ಡುಗಳು, ಅಂಗಡಿಗೆ ಬರುವಷ್ಟರಲ್ಲಿ ಆಟದ ಋತುವು ಮುಗಿಯುತ್ತ ಬಂದು, ಬಾಲಕರ ಚಿತ್ತವು ಫುಟ್‌ಬಾಲಿನತ್ತ ಹೊರಳಿದ್ದಿತು. ಮಾರಾಟವಾಗದೆ ಉಗ್ರಾಣದಲ್ಲಿ ವರ್ಷಾನುಗಟ್ಟಲೆ ಬಿದ್ದಿದ್ದ ಆ ಪೆಟ್ಟಿಗೆಗಳನ್ನು ಯಾರೂ ಕೊಳ್ಳಲೊಲ್ಲದಿರಲು, 1960ರಲ್ಲಿ ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದುದಾಗಿ ಬರ್ಗರನೇ ಮುಂದೆ ಹೇಳಿದನು.

ಆಟಗಾರರ ಚಿತ್ರಗಳ ಹಕ್ಕಿಗಾಗಿ ಬೋಮನ್ ಮತ್ತು ಟಾಪ್ಸ್ ಸಂಸ್ಥೆಗಳು ನ್ಯಾಯಾಲಯದಲ್ಲಿ ಹೋರಾಡಿದವು. ಬೋಮನ್ ಪಕ್ಷದ ಹೇಲನ್ ಲ್ಯಾಬೊರೆಟರೀಸ್ ಹೂಡಿದ ದಾವೆಯಲ್ಲಿ ನ್ಯಾಯಾಧೀಶ ಜೆರೋಮ್ ಫ್ರ್ಯಾಂಕರು 1953ರಲ್ಲಿ ಕೊಟ್ಟ ತೀರ್ಪು, ಪ್ರಸಿದ್ಧ ವ್ಯಕ್ತಿಗೆ ತನ್ನ ರೂಪದ ವಾಣಿಜ್ಯ ಬಳಕೆಯ ಮೇಲೆ ಹಕ್ಕುಂಟೆಂಬ ತತ್ತ್ವವನ್ನು ಪ್ರತಿಪಾದಿಸಿ ಅಮೆರಿಕದ ನ್ಯಾಯಶಾಸ್ತ್ರದಲ್ಲಿ ಚಿರಸ್ಥಾಯಿಯಾಯಿತು. 1956ರಲ್ಲಿ ಟಾಪ್ಸ್ ಬೋಮನ್ನನ್ನು ಕೊಂಡುಕೊಂಡು, ಸುಮಾರು ಕಾಲು ಶತಮಾನದ ಕಾಲ ಈ ಕ್ಷೇತ್ರದಲ್ಲಿ ಏಕಸ್ವಾಮ್ಯವನ್ನು ಅನುಭವಿಸಿತು. ಕಿರಿಯ ಲೀಗುಗಳ ಅಸಂಖ್ಯ ಹುಡುಗರಿಗೆ ತಲಾ ಐದು ಡಾಲರು ಕೊಟ್ಟು ಕರಾರುಪತ್ರಕ್ಕೆ ಸಹಿ ಪಡೆಯುವುದು ಅದರ ಕ್ರಮವಾಗಿತ್ತು. ಅವರಲ್ಲಿ ಯಾರು ಮುಂದೆ ಬಂದಾರೆಂಬುದು ಕಂಪನಿಗೂ ತಿಳಿಯದಾದ್ದರಿಂದ ಎಲ್ಲರನ್ನೂ ಅಗ್ಗವಾಗಿ ಕಟ್ಟಿಹಾಕಿಕೊಳ್ಳುವುದೇ ಅದರ ನೀತಿಯಾಗಿತ್ತು. 1957ರಲ್ಲಿ ಟಾಪ್ಸ್ ಅಂಗೀಕರಿಸಿದ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಎತ್ತರದ ಆಕಾರವೇ ಇಂದಿಗೂ ಪ್ರಮಾಣವಾಗಿದೆ.

ಪ್ರಮುಖ ರೂಕಿ ಕಾರ್ಡುಗಳು

ಟಾಪ್ಸ್ ಸಂಸ್ಥೆಯ 1954ರ ಮಾಲೆಯಲ್ಲಿ ಹ್ಯಾಂಕ್ ಆರನ್, ಅರ್ನೀ ಬ್ಯಾಂಕ್ಸ್ ಮತ್ತು ಆಲ್ ಕೇಲೈನ್ ಇವರ ರೂಕಿ ಕಾರ್ಡುಗಳು ಕೂಡಿಬಂದಿವೆ. 755 ಹೋಮ್ ರನ್ನುಗಳಿಂದ ಬೇಬ್ ರೂತನ ದಾಖಲೆಯನ್ನು ಮೀರಿದ ಆರನನ ಕಾರ್ಡು ಇವುಗಳಲ್ಲಿ ಅಗ್ರಗಣ್ಯವಾದುದು. 1955ರ ಮಾಲೆಯಲ್ಲಿ ಸ್ಯಾಂಡಿ ಕೋಫ್ಯಾಕ್ಸ್ ಮತ್ತು ರಾಬರ್ಟೊ ಕ್ಲೆಮೆಂಟೆ ಮೊದಲ ಬಾರಿಗೆ ಕಾಣಿಸಿಕೊಂಡರು. ಪೋರ್ಟೊ ರಿಕೊದಿಂದ ಬಂದ ಕ್ಲೆಮೆಂಟೆಯು 3,000 ಹಿಟ್ಟುಗಳನ್ನು, ಎಂದರೆ ಯಶಸ್ವೀ ಹೊಡೆತಗಳನ್ನು, ಪೂರೈಸಿದ ವರ್ಷವೇ, 1972ರ ಡಿಸೆಂಬರ್ 31ರಂದು, ನಿಕರಾಗುವದ ಭೂಕಂಪಪೀಡಿತರಿಗೆ ಪರಿಹಾರಸಾಮಗ್ರಿಯನ್ನು ಒಯ್ಯುತ್ತಿದ್ದಾಗ ವಿಮಾನಾಪಘಾತದಲ್ಲಿ ಮಡಿದನು. ಆತನ ಕಾರ್ಡನ್ನು ಅರಸುವವರಲ್ಲಿ ಆಟದ ಅಭಿಮಾನಕ್ಕಿಂತ ವ್ಯಕ್ತಿಗೌರವವೇ ಹೆಚ್ಚಾಗಿ ಕಾಣುತ್ತದೆ.

1960ರ ದಶಕದಲ್ಲಿ ಟಾಪ್ಸ್ ಮಿತವ್ಯಯದ ಮಾರ್ಗವನ್ನು ಹಿಡಿದು, ಅಪರಿಚಿತ ಹೊಸಬರನ್ನು ಇಬ್ಬರು, ಮೂವರು ಅಥವಾ ನಾಲ್ವರಂತೆ ಒಂದೇ ಕಾರ್ಡಿನಲ್ಲಿ ಅಚ್ಚುಹಾಕುವ ಪದ್ಧತಿಯನ್ನು ಅನುಸರಿಸಿತು. ಆ ಕಾರಣ, 4,256 ಹಿಟ್ಟುಗಳ ದಾಖಲೆಯನ್ನು ಸ್ಥಾಪಿಸಿದ ಪೀಟ್ ರೋಸನ 1963ರ ರೂಕಿ ಕಾರ್ಡಿನಲ್ಲಿ ಅವನ ಮುಖವು ಇನ್ನು ಮೂವರ ಮುಖಗಳೊಡನೆ ಕಾಲು ಭಾಗವನ್ನಷ್ಟೆ ಆಕ್ರಮಿಸಿಕೊಂಡಿದೆ. ಚೆಂಡೆಸೆದು ದಾಂಡಿಗರನ್ನು ಔಟುಮಾಡಿದ 5,714 ಸ್ಟ್ರೈಕ್‌ಔಟುಗಳ ಒಡೆಯನಾದ ನೋಲನ್ ರಯನನು 1968ರ ಕಾರ್ಡನ್ನು ಜೆರ್ರಿ ಕೂಸ್ಮನನೊಡನೆ ಹಂಚಿಕೊಂಡಿದ್ದಾನೆ. ಒಂದೇ ಚೌಕಟ್ಟಿನಲ್ಲಿ ಸಮಾನ ಸ್ಥಾನ ಪಡೆದವರ ಪೈಕಿ ಯಾರು ಚಿರಸ್ಮರಣೀಯರಾಗುವರು, ಯಾರು ವಿಸ್ಮೃತರಾಗುವರು ಎಂಬುದನ್ನು ಪ್ರಕಾಶಕರು ಅರಿಯದೆ ಇದ್ದುದಕ್ಕೆ ಈ ಕಾರ್ಡುಗಳಿಗಿಂತ ಸ್ಪಷ್ಟವಾದ ಪ್ರಮಾಣವು ಬೇಕಿಲ್ಲ.

ವರ್ಣಭೇದದ ಮುದ್ರೆ

1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್ಸನನು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಕಣಕ್ಕಿಳಿಯುವವರೆಗೆ, ಇಪ್ಪತ್ತನೆಯ ಶತಮಾನದ ಮೇಜರ್ ಲೀಗುಗಳು ಕರಿಯ ಆಟಗಾರರಿಗೆ ಮುಚ್ಚಿದ ಬಾಗಿಲಾಗಿದ್ದವು. ಪ್ರಮುಖ ಕಾರ್ಡುಮಾಲೆಗಳಲ್ಲಿಯೂ ಅವರಿಗೆ ಸ್ಥಾನವಿರಲಿಲ್ಲ. ಷಿಕಾಗೊದ ಲೀಫ್ ಕಂಪನಿಯ ಮಾಲೆಯಲ್ಲಿನ 79ನೆಯ ಕಾರ್ಡು ರಾಬಿನ್ಸನನ ರೂಕಿ ಕಾರ್ಡೆಂದು ಸಾಮಾನ್ಯವಾಗಿ ಮಾನ್ಯವಾಗಿದೆ. ಅದೇ ಮಾಲೆಯ 8ನೆಯ ಕಾರ್ಡು ಸ್ಯಾಚೆಲ್ ಪೇಜನದು. ಕರಿಯರ ಲೀಗುಗಳಲ್ಲಿ ಇಪ್ಪತ್ತು ವರ್ಷಗಳಿಗೂ ಮೀರಿ ಆಡಿ ಅಸಾಮಾನ್ಯ ಪಿಚರ್, ಎಂದರೆ ಚೆಂಡೆಸೆಗಾರ, ಎನಿಸಿಕೊಂಡಿದ್ದ ಆತನು ಮೇಜರ್ ಲೀಗಿಗೆ ಬಂದುದು 1948ರಲ್ಲಿ, ತನ್ನ 42ನೆಯ ವಯಸ್ಸಿನಲ್ಲಿ. ಅಂತಹವನನ್ನು ಹೊಸಬನೆಂದು ಕರೆಯುವ ಕಾರ್ಡು, ಆಟಗಾರನ ಆರಂಭವನ್ನಲ್ಲ, ಅವನಿಗಾದ ಅನ್ಯಾಯದ ಅಂತ್ಯವನ್ನು ದಾಖಲಿಸುತ್ತದೆ. ಅದೇ ಲೀಗುಗಳ ಮಹಾನ್ ದಾಂಡಿಗನಾದ ಜೋಷ್ ಗಿಬ್ಸನನಾದರೋ, ರಾಬಿನ್ಸನನ ಪ್ರವೇಶಕ್ಕೆ ಮೂರು ತಿಂಗಳು ಮುಂಚೆ, 1947ರ ಜನವರಿಯಲ್ಲಿ ತೀರಿಕೊಂಡನು. ಮೇಜರ್ ಲೀಗಿನ ಹೊಸಬನಾಗಿ ಕಾರ್ಡೇರುವ ಅವಕಾಶವೇ ಆತನಿಗೆ ಒದಗಲಿಲ್ಲ.

ಪ್ರಥಮತ್ವದ ನಿರ್ಣಯ

ಯಾವ ಕಾರ್ಡು ಮೊದಲನೆಯದೆಂಬುದು ನೋಟಕ್ಕೆ ಸರಳವಾದರೂ ನಿಜದಲ್ಲಿ ವಿವಾದಾಸ್ಪದವಾದ ಪ್ರಶ್ನೆ. ಲೀಫ್ ಮಾಲೆಯು 1948ರ ಗ್ರಂಥಸ್ವಾಮ್ಯವನ್ನು ಹೊತ್ತಿದ್ದರೂ ಬಹುತೇಕ ಹಂಚಿಕೆಯಾದುದು 1949ರಲ್ಲಿ. ಅದಕ್ಕೂ ಮೊದಲು, 1947ರಲ್ಲಿ, ಬಾಂಡ್ ಬ್ರೆಡ್ ಎಂಬ ರೊಟ್ಟಿಯ ಪ್ರಚಾರಕ್ಕಾಗಿ ರಾಬಿನ್ಸನನ ಕಾರ್ಡುಗಳು ಅಚ್ಚಾಗಿದ್ದವು. ಆದರೆ ಅವು ರಾಷ್ಟ್ರವ್ಯಾಪಿಯಾದ ಮಾಲೆಯಲ್ಲವೆಂಬುದು ಒಂದು ಪಕ್ಷದ ಆಕ್ಷೇಪ. ಬೇಬ್ ರೂತನ ವಿಷಯದಲ್ಲಿ ಈ ತೊಡಕು ಇನ್ನೂ ಜಟಿಲವಾಗಿದೆ. ಅವನು ಕಿರಿಯ ಲೀಗಿನ ಬಾಲ್ಟಿಮೋರ್ ತಂಡದಲ್ಲಿದ್ದಾಗ, 1914ರಲ್ಲಿ, ಬಾಲ್ಟಿಮೋರ್ ನ್ಯೂಸ್ ಪತ್ರಿಕೆಯು ಪ್ರಕಟಿಸಿದ ಕಾರ್ಡಿನ ಹತ್ತರಷ್ಟು ಪ್ರತಿಗಳು ಮಾತ್ರ ತಿಳಿದುಬಂದಿವೆ. ಬಾಸ್ಟನ್ ತಂಡದ ಪಿಚರಾಗಿ ಅವನನ್ನು ತೋರಿಸುವ 1916ರ ಕಾರ್ಡೇ ಶಾಸ್ತ್ರೀಯವಾದ ರೂಕಿ ಕಾರ್ಡೆಂದು ಹಲವರು ವಾದಿಸುತ್ತಾರೆ. ಹೊಸ ಕಾರ್ಡುಗಳ ಮಟ್ಟಿಗೆ ಈ ಗೊಂದಲವನ್ನು ಪರಿಹರಿಸಲು, ಮೇಜರ್ ಲೀಗ್ ತಂಡದಲ್ಲಿ ಸ್ಥಾನ ದೊರೆತ ಆಟಗಾರನ ಕಾರ್ಡಿಗೆ ಮಾತ್ರ ರೂಕಿ ಚಿಹ್ನೆಯನ್ನು ಅಚ್ಚುಹಾಕುವ ನಿಯಮವು 2006ರಲ್ಲಿ ಜಾರಿಗೆ ಬಂದಿತು.

ಪ್ರಥಮತ್ವವೊಂದೇ ಬೆಲೆಯನ್ನು ನಿಶ್ಚಯಿಸುವುದಿಲ್ಲವೆಂಬುದಕ್ಕೆ ಮ್ಯಾಂಟಲನ ಕಾರ್ಡುಗಳೇ ಸಾಕ್ಷಿ. ಅವನ ರೂಕಿ ಕಾರ್ಡು 1951ರ ಬೋಮನ್ ಮಾಲೆಯದು. ಆದರೆ ಅದಕ್ಕಿಂತ ಅಧಿಕ ಬೆಲೆ ಬರುವುದು 1952ರ ಟಾಪ್ಸ್ ಮಾಲೆಯ 311ನೆಯ ಕಾರ್ಡಿಗೆ. ಆ ಕಂತಿನ ಇತರ ಹೆಚ್ಚಿನ ಕಾರ್ಡುಗಳ ಇಮ್ಮಡಿ ಸಂಖ್ಯೆಯಲ್ಲಿ ಅದು ಅಚ್ಚಾಗಿತ್ತೆಂಬುದನ್ನು ನೆನೆದರೆ, ವಿರಳತೆಯೊಂದರಿಂದಲೂ ಈ ಬೆಲೆಯನ್ನು ವಿವರಿಸಲಾಗದೆಂಬುದು ವ್ಯಕ್ತವಾಗುತ್ತದೆ. ಅಂತೆಯೇ ವ್ಯಾಗ್ನರನು ಟಿ206 ಮಾಲೆಗೆ ಹನ್ನೆರಡು ವರ್ಷ ಮೊದಲೇ, 1897ರಲ್ಲಿ, ಮೇಜರ್ ಲೀಗಿನ ಆಟಕ್ಕಿಳಿದಿದ್ದುದರಿಂದ ಅವನ ಆ ಕಾರ್ಡೂ ಹೊಸಬನ ಕಾರ್ಡಲ್ಲ. ಆಟಗಾರನ ಕೀರ್ತಿ, ಕಾರ್ಡಿನ ವಿರಳತೆ, ಚಿತ್ರದ ಸೊಗಸು, ಮಾಲೆಯ ಐತಿಹಾಸಿಕ ಸ್ಥಾನ, ಅದರ ಸುತ್ತ ಬೆಳೆದ ಕಥೆ ಇವೆಲ್ಲವೂ ಕೂಡಿಕೊಂಡಾಗಲೇ ಮಹಾಮೌಲ್ಯವು ಸಂಭವಿಸುತ್ತದೆ.

ಸಂಗ್ರಾಹಕರು ಮತ್ತು ಸೂಚಿಗಳು

ಕಾರ್ಡುಗಳಿಗೆ ಹೇಳಿಕೊಳ್ಳುವಂತಹ ಬೆಲೆಯೇ ಇಲ್ಲದಿದ್ದ ಕಾಲದಲ್ಲಿ ಅವುಗಳನ್ನು ಶಾಸ್ತ್ರೀಯವಾಗಿ ವಿಂಗಡಿಸಿದ ಕೀರ್ತಿಯು ನ್ಯೂಯಾರ್ಕ್ ಪ್ರಾಂತದ ಸಿರಾಕ್ಯೂಸ್ ನಗರದ ಜೆಫರ್ಸನ್ ಬರ್ಡಿಕ್ ಎಂಬಾತನಿಗೆ ಸಲ್ಲತಕ್ಕದ್ದು. ಸಂಧಿವಾತದಿಂದ ನರಳುತ್ತಿದ್ದ ಈ ಅವಿವಾಹಿತ ಕಾರ್ಮಿಕನು ಸಿದ್ಧಪಡಿಸಿದ ಸೂಚಿಯಲ್ಲಿ ಹತ್ತೊಂಬತ್ತನೆಯ ಶತಮಾನದ ತಂಬಾಕಿನ ಕಾರ್ಡುಗಳಿಗೆ ಎನ್, ಇಪ್ಪತ್ತನೆಯ ಶತಮಾನದವಕ್ಕೆ ಟಿ, ಹಳೆಯ ಮಿಠಾಯಿಯ ಕಾರ್ಡುಗಳಿಗೆ ಇ, ಅನಂತರದ ಮಿಠಾಯಿ ಮತ್ತು ಗಮ್ಮಿನ ಕಾರ್ಡುಗಳಿಗೆ ಆರ್ ಎಂಬ ಸಂಕೇತಾಕ್ಷರಗಳನ್ನು ಕೊಡಲಾಯಿತು; ಇಂದಿಗೂ ಸಂಗ್ರಾಹಕರ ವ್ಯವಹಾರವು ನಡೆಯುವುದು ಈ ಅಕ್ಷರಗಳಿಂದಲೇ. ಮೂರು ಲಕ್ಷಕ್ಕೂ ಮಿಕ್ಕ ತನ್ನ ಮುದ್ರಿತ ಚೀಟಿಗಳ ಸಂಗ್ರಹವನ್ನು ಆತನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟು, ತಾನೇ ಅಲ್ಲಿ ಕುಳಿತು ವರ್ಷಗಟ್ಟಲೆ ಅವನ್ನು ಪುಸ್ತಕಗಳಲ್ಲಿ ಅಂಟಿಸಿ, ಆ ಕಾರ್ಯವನ್ನು ಮುಗಿಸಿದ ವರ್ಷವೇ, 1963ರಲ್ಲಿ, ನಿಧನನಾದನು. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ ಮೂವತ್ತು ಸಾವಿರವನ್ನು ಮೀರುತ್ತವೆ.

ಬೆಲೆಯ ಯುಗವು ಪ್ರಾರಂಭವಾದುದು ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಜೇಮ್ಸ್ ಬೆಕೆಟ್ಟನ ಬೆಲೆಸೂಚಿಗಳಿಂದ. 1979ರಲ್ಲಿ ಅವನ ಬೆಲೆಸೂಚಿಯ ಗ್ರಂಥವೂ 1984ರಲ್ಲಿ ಮಾಸಪತ್ರಿಕೆಯೂ ಹೊರಬಂದ ತರುವಾಯ, ಊರೂರಿನ ಅಂಗಡಿಗಳಲ್ಲಿ ಒಂದೇ ಮಾನದಂಡದ ಮೇಲೆ ಕ್ರಯವಿಕ್ರಯಗಳು ಸಾಧ್ಯವಾದವು. ರೂಕಿ ಕಾರ್ಡಿಗೆ ಪ್ರತ್ಯೇಕವಾದ ಮನ್ನಣೆಯು ವ್ಯಾಪಕವಾದುದೂ ಈ ಕಾಲದಲ್ಲಿಯೇ.

ಅವಸ್ಥೆ, ಶ್ರೇಣೀಕರಣ ಮತ್ತು ವಂಚನೆ

ಪ್ರಾಚೀನ ಕಾರ್ಡುಗಳನ್ನು ಅವುಗಳ ಮೂಲ ಒಡೆಯರಾದ ಬಾಲಕರು ರಬ್ಬರು ಪಟ್ಟಿಯಿಂದ ಕಟ್ಟಿಡುತ್ತಿದ್ದರು, ಗೋಡೆಗೆ ಎಸೆದು ಪಂದ್ಯವಾಡುತ್ತಿದ್ದರು, ಪಟಪಟ ಸದ್ದಿಗಾಗಿ ಸೈಕಲ್ಲಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿಸುತ್ತಿದ್ದರು. 1952ರ ಟಾಪ್ಸ್ ಮಾಲೆಯ ಮೊದಲನೆಯದಾದ ಆ್ಯಂಡಿ ಪಾಫ್ಕೊವಿನ ಕಾರ್ಡು ಕಟ್ಟಿನ ಮೇಲ್ಭಾಗದಲ್ಲಿದ್ದು ಸದಾ ಸವೆಯುತ್ತಿದ್ದುದರಿಂದಲೂ, ಕೊನೆಯದಾದ ಎಡ್ಡಿ ಮ್ಯಾಥ್ಯೂಸನ ರೂಕಿ ಕಾರ್ಡು ತಳಭಾಗದಲ್ಲಿದ್ದು ಅದೇ ಪಾಡನ್ನು ಪಟ್ಟುದರಿಂದಲೂ, ಇವೆರಡು ಉತ್ತಮಾವಸ್ಥೆಯಲ್ಲಿ ದೊರೆಯುವುದು ಅತ್ಯಂತ ದುರ್ಲಭ. ಇದಲ್ಲದೆ ಗಮ್ಮಿನ ಕಲೆ, ಹೊದಿಕೆಯ ಮೇಣದ ಕಲೆ, ಕತ್ತರಿಸುವಾಗ ಚಿತ್ರವು ಒಂದು ಬದಿಗೆ ಸರಿಯುವಿಕೆ ಮೊದಲಾದ ದೋಷಗಳು ಕಾರ್ಖಾನೆಯಿಂದಲೇ ಅಂಟಿಬರುತ್ತಿದ್ದವು.

1991ರಲ್ಲಿ ಪಿ.ಎಸ್.ಎ. ಎಂಬ ಸಂಸ್ಥೆಯು ಕಾರ್ಡುಗಳ ನೈಜತೆಯನ್ನು ಪರೀಕ್ಷಿಸಿ, ಒಂದರಿಂದ ಹತ್ತರವರೆಗೆ ಅಂಕವನ್ನು ನೀಡಿ, ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಮುದ್ರೆಹಾಕುವ ಸೇವೆಯನ್ನು ಆರಂಭಿಸಿತು; ಎಸ್.ಜಿ.ಸಿ. ಮತ್ತು ಬೆಕೆಟ್ ಸಂಸ್ಥೆಗಳು ಅದನ್ನು ಹಿಂಬಾಲಿಸಿದವು. ಚಿತ್ರದ ಮಧ್ಯಸ್ಥಿತಿ, ಮೂಲೆಗಳ ಚೂಪು, ಅಂಚುಗಳ ಸಮತೆ, ಮೇಲ್ಮೈಯ ಹೊಳಪು ಇವು ಪರೀಕ್ಷೆಯ ನಾಲ್ಕು ಅಂಗಗಳು. ಅಂಕವು ಒಂದರಷ್ಟು ಏರಿದರೂ ಬೆಲೆಯು ಹಲವು ಪಟ್ಟು ಏರುವುದರಿಂದ, ಸವೆದ ಅಂಚನ್ನು ಕತ್ತರಿಸಿ ನೇರಗೊಳಿಸುವುದು, ಮಾಸಿದೆಡೆ ಬಣ್ಣ ಹಚ್ಚುವುದು, ಮಡಿಕೆಯನ್ನು ಒತ್ತಿ ಅಳಿಸುವುದು ಇತ್ಯಾದಿ ವಂಚನೆಗಳೂ ಬೆಳೆದವು. ಇದಕ್ಕೆ ಅತ್ಯಂತ ಕುಖ್ಯಾತವಾದ ನಿದರ್ಶನವು ವ್ಯಾಗ್ನರ್ ಕಾರ್ಡುಗಳಲ್ಲಿಯೇ ಶ್ರೇಷ್ಠವೆನಿಸಿದ ಪ್ರತಿಯದು. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಅವನ ತಂಡದ ಒಡೆಯ ಬ್ರೂಸ್ ಮ್ಯಾಕ್ನಾಲ್ 1991ರಲ್ಲಿ 4,51,000 ಡಾಲರಿಗೆ ಕೊಂಡ, 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾದ ಆ ಪ್ರತಿಯ ಅಂಚನ್ನು ತಾನೇ ಕತ್ತರಿಸಿದ್ದುದಾಗಿ ಹರಾಜುಗಾರ ಬಿಲ್ ಮ್ಯಾಸ್ಟ್ರೊ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡನು.

ಸಂಗ್ರಾಹಕರು ಕಾರ್ಡುಗಳನ್ನು ಬಿಸಿಲು, ತೇವ, ಆಮ್ಲಯುಕ್ತ ಕಾಗದ ಮತ್ತು ಪಿ.ವಿ.ಸಿ. ಹಾಳೆಗಳಿಂದ ದೂರವಿರಿಸಿ ಕಾಪಾಡುತ್ತಾರೆ. ಅನುಭವಿಗಳು ಕೊಳ್ಳುವ ಮುನ್ನ ಕಾರ್ಡಿನ ಅಳತೆ, ರಟ್ಟಿನ ದಪ್ಪ ಮತ್ತು ಭೂತಗನ್ನಡಿಯಲ್ಲಿ ಕಾಣುವ ಮುದ್ರಣದ ಚುಕ್ಕಿಗಳನ್ನು ನಿಜವಾದ ಪ್ರತಿಯೊಂದರೊಡನೆ ಹೋಲಿಸಿ ನೋಡುತ್ತಾರೆ. ಮರುಮುದ್ರಣಗಳು ಬಯಲಾಗುವುದು ಬಹುತೇಕ ಈ ಚುಕ್ಕಿಗಳಲ್ಲಿಯೇ.

ಮಾರುಕಟ್ಟೆಯ ಏರಿಳಿತ

1952ರ ಮ್ಯಾಂಟಲ್ ಕಾರ್ಡಿನ ಒಂದು ಪ್ರತಿಯು, 1991ರಲ್ಲಿ 50,000 ಡಾಲರಿಗೆ ವಿಕ್ರಯವಾಗಿದ್ದುದು, 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಗಿ ಅದುವರೆಗಿನ ದಾಖಲೆಗಳನ್ನೆಲ್ಲ ಮುರಿಯಿತು. ಅದೇ ತಿಂಗಳು ವ್ಯಾಗ್ನರ್ ಕಾರ್ಡೊಂದು 72 ಲಕ್ಷ 50 ಸಾವಿರ ಡಾಲರಿಗೆ ಖಾಸಗಿಯಾಗಿ ಕೈಬದಲಾಯಿಸಿತು. ಮರುವರ್ಷ ಬೇಬ್ ರೂತನ ಬಾಲ್ಟಿಮೋರ್ ಕಾರ್ಡೊಂದಕ್ಕೆ 72 ಲಕ್ಷ ಡಾಲರು ಬಂದಿತು. ಕೋವಿಡ್ ಪಿಡುಗಿನ ದಿನಗಳಲ್ಲಿ ಈ ಹವ್ಯಾಸವು ಎಷ್ಟು ವೇಗವಾಗಿ ಹಬ್ಬಿತೆಂದರೆ, ರಾಶಿಬಿದ್ದ ಕಾರ್ಡುಗಳನ್ನು ಪರೀಕ್ಷಿಸಲಾರದೆ ಪಿ.ಎಸ್.ಎ. 2021ರಲ್ಲಿ ತನ್ನ ಅಗ್ಗದ ಸೇವೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಇಷ್ಟರಿಂದ, ಹೊಸಬರ ಕಾರ್ಡುಗಳನ್ನು ಮುಂಚಿತವಾಗಿಯೇ ಜೋಪಾನಮಾಡಿದರೆ ಸಂಪತ್ತು ತಾನಾಗಿ ಒದಗುವುದೆಂಬ ತರ್ಕವು ಹುಟ್ಟುವುದು ಸ್ವಾಭಾವಿಕ. ಅಮೆರಿಕದಲ್ಲಿ ಆ ಪ್ರಯೋಗವೂ ನಡೆದುಹೋಗಿದೆ. 1980ರ ನ್ಯಾಯಾಲಯದ ತೀರ್ಪಿನಿಂದ ಟಾಪ್ಸ್ ಏಕಸ್ವಾಮ್ಯವು ಭಗ್ನವಾಗಿ, 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್, 1989ರಲ್ಲಿ ಅಪ್ಪರ್ ಡೆಕ್ ರಂಗಪ್ರವೇಶ ಮಾಡಿದವು. ಅಪ್ಪರ್ ಡೆಕ್ ತನ್ನ ಪ್ರಥಮ ಮಾಲೆಯ ಪ್ರಥಮ ಸಂಖ್ಯೆಯನ್ನೇ ಕೆನ್ ಗ್ರಿಫಿ ಜೂನಿಯರ್ ಎಂಬ ಹೊಸಬನಿಗೆ ಮೀಸಲಿರಿಸಿತು. ಜನರು ಆ ಕಾರ್ಡನ್ನು ಪೊಟ್ಟಣದಿಂದ ತೆಗೆದ ಕ್ಷಣವೇ ಕವಚದೊಳಗೆ ಸೇರಿಸಿದರು. ಗ್ರಿಫಿಯು ನಿರೀಕ್ಷೆಯಂತೆಯೇ ಮಹಾನ್ ಆಟಗಾರನಾದನು; ಆದರೂ ಆ ಕಾರ್ಡು 1951ರ ಮೇಸ್ ಕಾರ್ಡಿನ ಬೆಲೆಯ ಸಮೀಪಕ್ಕೂ ಸುಳಿಯಲಿಲ್ಲ. ಆ ವರ್ಷಗಳಲ್ಲಿ ಅಪರಿಮಿತವಾಗಿ ಅಚ್ಚಾಗಿ, ಅಪರಿಮಿತವಾಗಿ ಕಾಪಾಡಲ್ಪಟ್ಟ ಕಾರ್ಡುಗಳ ಬಹುಭಾಗವು ಇಂದು ಮೂಲ ಬೆಲೆಯನ್ನೂ ತರಲಾರದೆ ಪೆಟ್ಟಿಗೆಗಳಲ್ಲಿ ಉಳಿದಿದೆ. ಪ್ರಾಚೀನ ರೂಕಿ ಕಾರ್ಡಿನ ಮೌಲ್ಯಕ್ಕೆ ಆಟಗಾರನ ಪರಾಕ್ರಮವೆಷ್ಟು ಕಾರಣವೋ, ಅದನ್ನು ಮೌಲ್ಯವುಳ್ಳದ್ದೆಂದು ಭಾವಿಸದೆ ಆಡಿ, ಹರಿದು, ಎಸೆದ ಬಾಲಕರ ನಿರ್ಲಕ್ಷ್ಯವೂ ಅಷ್ಟೇ ಕಾರಣ. ಆ ನಿರ್ಲಕ್ಷ್ಯವನ್ನು ಉದ್ದೇಶಪೂರ್ವಕವಾಗಿ ಉತ್ಪಾದಿಸುವ ಉಪಾಯವನ್ನು ಯಾವ ಕಂಪನಿಯೂ ಕಂಡುಹಿಡಿದಿಲ್ಲ.